ಹಾಚ್ ಹೋದ ಮೇಲೆ ಆ ಕುರ್ಚಿ ಪ್ರೆಂಟಿಸ್‌ಗೇ ಸಿಗಬೇಕಿತ್ತಾ? (ಕ್ರಿಮಿನಲ್ ಮೈಂಡ್ಸ್, ಸ್ಪಾಯ್ಲರ್ ಇದೆ)

ಶನಿವಾರದ ಸೋಂಬೇರಿ:
ಕ್ರಿಮಿನಲ್ ಮೈಂಡ್ಸ್ ಎರಡನೇ ಸುತ್ತು ನೋಡುತ್ತಿದ್ದೇನೆ. ಗೊತ್ತಿಲ್ಲದವರಿಗೆ: ಹಂತಕರ ವರ್ತನೆ ಅಳೆದು ಅವರನ್ನು ಹಿಡಿಯುವ ಎಫ್‌ಬಿಐನ ಬಿಎಯು ಅನ್ನೋ ತಂಡದ ಅಮೆರಿಕನ್ ಸೀರಿಯಲ್. ಈಗ 12ನೇ ಸೀಸನ್. ಮೊದಲ ಸಲ ಕೊಲೆಗಾರ ಯಾರು ಅನ್ನೋದರ ಮೇಲೇ ಗಮನ ಇತ್ತು. ಈ ಸಲ ಅದು ಗೊತ್ತು, ಹಾಗಾಗಿ ಕಣ್ಣೆಲ್ಲ ಆಫೀಸಿನ ಮೇಲೆ. ಯಾರು ಯಾರಿಗೆ ಬಾಸು, ಯಾರು ಯಾರ ಮೇಲೆ ಚಾಡಿ ಹೇಳಿದರು, ಯಾರನ್ನು ಎತ್ತಂಗಡಿ ಮಾಡಿದರು. ಇದೇ ಒಂದು ಬೇರೆ ಸೀರಿಯಲ್ ಆಗುವಷ್ಟಿದೆ.

ವಿಷಯಕ್ಕೆ ಬರ್ತೀನಿ. ಈ ಸೀಸನ್‌ನ ಎರಡು ಎಪಿಸೋಡ್ ಆದ ಮೇಲೆ ತಂಡದ ಬಾಸ್ (ಯೂನಿಟ್ ಚೀಫ್) ಹಾಚ್ ಕಾಣೋದೇ ಇಲ್ಲ. ಏನೋ ವಿಶೇಷ ಕೆಲಸದ ಮೇಲೆ ಹೋಗಿದ್ದಾನೆ ಅಂತಾರೆ. ಮೂರನೇ ಎಪಿಸೋಡ್‌ಗೆ, ಹಿಂದೆ ತಂಡ ಬಿಟ್ಟು ಹೋಗಿದ್ದ ಪ್ರೆಂಟಿಸ್ ವಾಪಸ್. ಇನ್ನೆರಡು ಮೂರು ವಾರ ಕಳೆದ ಮೇಲೆ ಗೊತ್ತಾಗುತ್ತೆ, ಹಾಚ್ ಮಗನನ್ನು ಕರೆದುಕೊಂಡು ಸಾಕ್ಷಿ ರಕ್ಷಣೆಗೆ ಹೋಗಿದ್ದಾನೆ, ಯೂನಿಟ್ ಚೀಫ್ ಪ್ರೆಂಟಿಸ್. ಮುಗೀತು. ಮೊದಲ ಎಪಿಸೋಡ್‌ನಿಂದ ಆ ಕುರ್ಚಿಯಲ್ಲಿದ್ದ ಮನುಷ್ಯನಿಗೆ ಒಂದು ಬೀಳ್ಕೊಡುಗೆ ಕೂಡ ಇಲ್ಲ. ತಂಡದ ಹಳಬರಾದ ಜೆಜೆ, ರೀಡ್, ರೋಸಿ ಮೂವರೂ ಅಲ್ಲೇ ಇದ್ದಾಗ ಹೊರಗಿಂದ ಕರೆಸಿದ್ದು ನ್ಯಾಯವಾ?

ನನ್ನ ಮತ ಜೆಜೆಗೆ. ನಿಮ್ಮದು?

ಡಬಲ್ ಸ್ಟ್ರಾಂಗ್:
ಪ್ರೆಂಟಿಸ್ ಹೊರಗಿನವಳು ಹೇಗಾಗ್ತಾಳೆ? 2006ರಲ್ಲೇ ತಂಡಕ್ಕೆ ಬಂದವಳು. 2012ರಲ್ಲಿ ಇಂಟರ್‌ಪೋಲ್‌ನ ಲಂಡನ್ ಕಚೇರಿಗೆ ಹೋಗಿದ್ದು ಜವಾಬ್ದಾರಿಯ ಹುದ್ದೆ ಮೇಲೆ. ಜೆಜೆ ಆರನೇ ಸೀಸನ್‌ವರೆಗೆ ಪ್ರೊಫೈಲರ್ (ಹಂತಕರ ಮನಸ್ಸು ಅಳೆಯುವವಳು) ಆಗಿರಲೇ ಇಲ್ಲ, ಪತ್ರಕರ್ತರನ್ನು ಸಂಭಾಳಿಸುತ್ತಿದ್ದಳು. ಇನ್ನು ರೀಡ್‌ಗೆ ಕುರ್ಚಿ ಕೊಟ್ಟರೆ ಮೀಟಿಂಗ್ ಮುಗಿಯೋದೇ ಇಲ್ಲ.

ಜಾಲಹಳ್ಳಿ ಕ್ರಾಸ್:
ರೀಡ್‌ಗೆ ಬಜೆಟ್ ಫೈಲ್ ಕೊಟ್ಟರೆ ಒಂದು ನಿಮಿಷದಲ್ಲಿ ಓದಿ ಮುಗಿಸ್ತಾನೆ. ಸಹಿ ಹಾಕೋದು ಮರೀತಾನೆ.

ತಮಾಷೆ ಬಿಡಿ. ರೋಸಿ ಯಾಕಲ್ಲ? ಬಿಎಯು ಕಟ್ಟಿದವರಲ್ಲಿ ಅವನೂ ಒಬ್ಬ. ಎಲ್ಲರಿಗಿಂತ ಹಿರಿಯ. ಸೀನಿಯಾರಿಟಿ ಲೆಕ್ಕ ಹಾಕಿದರೆ ಪ್ರಶ್ನೆಯೇ ಇಲ್ಲ.

ಎಡಿಸನ್ ಕನ್ನಡಿಗ:
ಸೀನಿಯಾರಿಟಿ ಲೆಕ್ಕ ಹಾಕಿದರೆ ರೋಸಿ ಅಲ್ಲಿ ಇರೋ ಹಾಗೇ ಇಲ್ಲ! ಎಫ್‌ಬಿಐನಲ್ಲಿ ಸ್ಪೆಷಲ್ ಏಜೆಂಟ್‌ಗಳಿಗೆ 57ಕ್ಕೆ ಕಡ್ಡಾಯ ನಿವೃತ್ತಿ. ತೀರಾ ಬೇಕಾದವರಿಗೆ ಸ್ವಲ್ಪ ವಿಸ್ತರಣೆ ಸಿಗುತ್ತೆ ಅಷ್ಟೆ. ಜೋ ಮಂಟೇನ್ಯಾ ಹುಟ್ಟಿದ್ದು 1947ರಲ್ಲಿ. 2007ರಲ್ಲಿ ರೋಸಿಯಾಗಿ ಕಾಲಿಟ್ಟಾಗಲೇ ನಟನಿಗೆ 60 ಹತ್ತಿರ. ಪಾತ್ರದ ವಯಸ್ಸನ್ನು ನಾಲ್ಕೈದು ವರ್ಷ ಕಡಿಮೆ ಹಿಡಿದರೂ 12ನೇ ಸೀಸನ್ ಹೊತ್ತಿಗೆ ಅವನು ಎಂದೋ ಪಿಂಚಣಿ ತಗೊಂಡು ಮನೆಯಲ್ಲಿ ಪಾಸ್ತಾ ಮಾಡಿಕೊಂಡು ಇರಬೇಕಿತ್ತು.

ನಿಜವಾದ ಬಿಎಯು ಕೂಡ ಹೀಗಿಲ್ಲ ಬಿಡಿ. ವರ್ಜೀನಿಯಾದ ಕ್ವಾಂಟಿಕೋ ಕಡೆಯವರೇ, ಆದರೆ ಸ್ವಂತ ಜೆಟ್ ಇಲ್ಲ, ಬಾಗಿಲು ಒದ್ದು ಒಳಗೆ ನುಗ್ಗೋದಿಲ್ಲ. ಸ್ಥಳೀಯ ಪೊಲೀಸರು ಕೇಳಿದಾಗ ಸಲಹೆ ಕೊಡುವ ಕೆಲಸವೇ ಜಾಸ್ತಿ. ಒಂದು ವಿಷಯ ಮಾತ್ರ ಸೀರಿಯಲ್‌ನಲ್ಲಿ ಸರಿಯಾಗಿದೆ, ಅದು ಏಣಿ. ಯೂನಿಟ್ ಚೀಫ್ ಮೇಲೆ ಸೆಕ್ಷನ್ ಚೀಫ್, ಅವರ ಮೇಲೆ ಇನ್ನಷ್ಟು ಡೈರೆಕ್ಟರುಗಳು. ಹಾಚ್ ಎಷ್ಟೇ ಗಂಭೀರವಾಗಿ ಹುಬ್ಬು ಗಂಟಿಕ್ಕಿದರೂ ಆ ಏಣಿಯಲ್ಲಿ ಅವನು ಕೆಳಗಿನ ಮೆಟ್ಟಿಲಿನವನೇ.

ಫೈಲ್ ಫಾರ್ವರ್ಡ್:
ಏಣಿ ವಿಷಯ ಬಂತಲ್ಲ, ನಾನೂ ಒಂದು ಮಾತು ಹೇಳ್ತೀನಿ. ನಾನು ಸರ್ಕಾರಿ ಕಚೇರಿಯಲ್ಲಿ ಸಿಬ್ಬಂದಿ ಶಾಖೆ ನೋಡಿಕೊಳ್ಳುವವನು. ನನಗೆ ಈ ಸೀರಿಯಲ್‌ನಲ್ಲಿ ಚೆನ್ನಾಗಿ ಅರ್ಥವಾಗುವ ಪಾತ್ರ ಎರಿನ್ ಸ್ಟ್ರಾಸ್. ಹೌದು, ನೀವೆಲ್ಲ ಬೈಯುವ ಅದೇ ಸೆಕ್ಷನ್ ಚೀಫ್.

ಎರಡನೇ ಸೀಸನ್ ಕೊನೆಯಲ್ಲಿ ಅವಳ ಮೇಜಿನ ಮೇಲೆ ಏನೇನಿತ್ತು ನೋಡಿ. ತಂಡದ ಏಜೆಂಟ್ ಎಲ್ ಗ್ರೀನವೇ ಒಬ್ಬ ಆರೋಪಿಯನ್ನು ಗುಂಡು ಹಾರಿಸಿ ಕೊಂದು, ಆಮೇಲೆ ಬ್ಯಾಡ್ಜ್ ಇಟ್ಟು ಹೋಗಿದ್ದಾಳೆ. ರೀಡ್‌ನನ್ನು ಅಪಹರಿಸಿದವನು ಅವನಿಗೆ ಡ್ರಗ್ಸ್ ಚುಚ್ಚಿದ್ದಾನೆ. ಬಿಡಿಸಿಕೊಂಡು ಬಂದ ಮೇಲೂ ಹುಡುಗ ಸರಿ ಇಲ್ಲ ಅಂತ ಪಕ್ಕದಲ್ಲಿ ಕೂತವರಿಗೆಲ್ಲ ಕಾಣುತ್ತಿದೆ, ಯಾರೂ ಬಾಯಿ ಬಿಡುತ್ತಿಲ್ಲ. ಇನ್ನೊಬ್ಬ ಏಜೆಂಟ್ ಮಾರ್ಗನ್ ಶಿಕಾಗೋಗೆ ಹೋಗಿ ಕೊಲೆ ಆರೋಪದಲ್ಲಿ ಸಿಕ್ಕಿಹಾಕಿಕೊಂಡು ಬಂದಿದ್ದಾನೆ. ತಂಡದ ಹಿರಿಯ ಪ್ರೊಫೈಲರ್ ಗಿಡಿಯನ್‌ಗೆ ಬೇಕಾದ ಹೆಂಗಸನ್ನು ಒಬ್ಬ ಹಂತಕ ಗಿಡಿಯನ್ ಮನೆಯಲ್ಲೇ ಕೊಂದಿದ್ದಾನೆ. ಒಂದೇ ಘಟಕ, ಒಂದೇ ವರ್ಷ. ಯಾವ ಮೇಲಧಿಕಾರಿಯಾದರೂ ವಿವರಣೆ ಕೇಳ್ತಾರೋ ಇಲ್ವೋ? ನಮ್ಮಲ್ಲಾಗಿದ್ದರೆ ಕಾರಣ ಕೇಳಿ ನೋಟಿಸ್ ಹೋಗಿ, ಇಲಾಖಾ ವಿಚಾರಣೆ ಶುರುವಾಗಿ, ಅರ್ಧ ತಂಡ ಅಮಾನತಿನಲ್ಲಿ ಇರುತ್ತಿತ್ತು.

ಹಾಚ್ ಒಳ್ಳೆಯ ನಾಯಕ, ಒಪ್ತೀನಿ. ಆದರೆ ತಂಡದವರು ಮಾಡಿದ್ದನ್ನೆಲ್ಲ ಮೇಲಿನವರಿಂದ ಮುಚ್ಚಿಡೋದನ್ನೇ ನಾಯಕತ್ವ ಅಂದುಕೊಂಡಿದ್ದ.

ಧಾರವಾಡದಾಕಿ:
ವಿವರಣೆ ಕೇಳೋದು ಬೇರೆ, ಬೇಹುಗಾರರನ್ನು ಬಿಡೋದು ಬೇರೆ ರೀ. ಪ್ರೆಂಟಿಸ್‌ನನ್ನು ತಂಡಕ್ಕೆ ಸೇರಿಸಿದ್ದೇ ಹಾಚ್ ಬಗ್ಗೆ ಸುದ್ದಿ ತರಲಿ ಅಂತ. ಸೊಸೆ ಕೈಲಿ ಅತ್ತೆಯ ಲೆಕ್ಕಪುಸ್ತಕ ಕದಿಸಿದ ಹಾಗಾಯ್ತು ಇದು.

ಮೂರನೇ ಸೀಸನ್‌ನ ಎರಡನೇ ಎಪಿಸೋಡ್ ಇನ್ನೊಮ್ಮೆ ನೋಡಿ. ಪ್ರೆಂಟಿಸ್ ರಾಜೀನಾಮೆ ಕೊಟ್ಟು ಮನೆಗೆ ಹೋಗಿದ್ದಾಳೆ. ಹಾಚ್ ಬಗ್ಗೆ ಬರೆದುಕೊಡೋದಕ್ಕಿಂತ ಕೆಲಸವೇ ಬೇಡ ಅಂತ. ಹಾಚ್ ಕೂಡ ಹೊರಬೀಳುವ ಯೋಚನೆಯಲ್ಲಿದ್ದಾನೆ. ಗಿಡಿಯನ್ ನಾಪತ್ತೆ. ಮಿಲ್ವಾಕಿಯಲ್ಲಿ ಕೇಸು. ಉಳಿದವರನ್ನು ಕರೆದುಕೊಂಡು ಸ್ಟ್ರಾಸ್ ತಾನೇ ಹೊರಡುತ್ತಾಳೆ. ಅಲ್ಲಿ ಹೆಣ ಕಂಡಾಗ ಅವಳ ಮುಖ ನೋಡಿದ್ದೀರಾ? ಅಲ್ಲಿವರೆಗೆ ಅವಳು ಓದಿದ್ದೆಲ್ಲ ಟೈಪ್ ಮಾಡಿದ ವರದಿ. ಫೋಟೋಗೆ ವಾಸನೆ ಇರೋದಿಲ್ಲ.

ಇತ್ತ ಹಾಚ್ ಪ್ರೆಂಟಿಸ್ ಮನೆಗೆ ಬರುತ್ತಾನೆ. ಅವಳ ತಾಯಿ ರಾಯಭಾರಿ. ಹುಟ್ಟಿದಾಗಿನಿಂದ ರಾಜಕೀಯ ನೋಡಿ ನೋಡಿ ಸಾಕಾದವಳು. ಸ್ಟ್ರಾಸ್ ಏನು ಕೇಳಿದ್ದಳು ಅನ್ನೋದು ಅವನಿಗೆ ಆಗಲೇ ಅಂದಾಜಾಗಿದೆ. ಬೈಯೋದಿಲ್ಲ, ಕ್ಷಮೆ ಕೇಳಿಸೋದಿಲ್ಲ. ಕೇಸಿಗೆ ಬಾ ಅಂತಾನೆ, ಅಷ್ಟೇ. ನನ್ನ ಪ್ರಕಾರ ಪ್ರೆಂಟಿಸ್ ಮುಂದೆ ಚೀಫ್ ಆಗುವ ಕಥೆ ಶುರುವಾಗಿದ್ದು 12ನೇ ಸೀಸನ್‌ನಲ್ಲಿ ಅಲ್ಲ, ಆ ಮನೆಯಲ್ಲಿ. ಬಕೆಟ್ ಹಿಡಿದು ಮೇಲೆ ಹೋಗುವ ದಾರಿ ಕಣ್ಮುಂದೆ ಇದ್ದಾಗ ಬೇಡ ಅಂದವಳು ಅವಳು.

ಫೈಲ್ ಫಾರ್ವರ್ಡ್:
ಮೇಡಂ, ಬೇಹುಗಾರಿಕೆ ಸಮರ್ಥನೆ ಮಾಡೋದಿಲ್ಲ. ಆದರೆ ಮಿಲ್ವಾಕಿಗೆ ಹೋಗಿ ಹೆಣ ನೋಡಿ ಬೆಚ್ಚಿದ ಮೇಲೆ ಅದೇ ಸ್ಟ್ರಾಸ್ ತಂಡವನ್ನು ಒಡೆಯಲಿಲ್ಲ ಅನ್ನೋದೂ ನೆನಪಿರಲಿ.

ಮಲೆನಾಡ ಮಳೆ:
ಎಲ್ಲರೂ ಕಥೆಯೊಳಗೇ ಕಾರಣ ಹುಡುಕ್ತಿದ್ದೀರಿ. ಈ ತಂಡದ ಪ್ರತಿ ನಾಯಕತ್ವ ಬದಲಾವಣೆಗೂ ನಿಜವಾದ ಕಾರಣ ಕ್ಯಾಮೆರಾ ಹಿಂದೆ ಇದೆ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಸೀರಿಯಲ್ ಶುರುವಾಗಿದ್ದು 2005ರ ಸೆಪ್ಟೆಂಬರ್‌ನಲ್ಲಿ, ಸಿಬಿಎಸ್‌ನಲ್ಲಿ. ಆಗ ಪೋಸ್ಟರ್‌ನಲ್ಲಿ ದೊಡ್ಡ ಮುಖ ಗಿಡಿಯನ್ ಪಾತ್ರದ ಮ್ಯಾಂಡಿ ಪಟಿಂಕಿನ್. ಕಾಗದದ ಮೇಲೆ ಚೀಫ್ ಹಾಚ್, ಆದರೆ ಎಲ್ಲರೂ ತಿರುಗಿ ನೋಡುತ್ತಿದ್ದದ್ದು ಗಿಡಿಯನ್ ಕಡೆ. 2007ರಲ್ಲಿ ಮೂರನೇ ಸೀಸನ್‌ನ ಸ್ಕ್ರಿಪ್ಟ್ ಓದುವ ದಿನ ಪಟಿಂಕಿನ್ ಬರಲೇ ಇಲ್ಲ. ಇಷ್ಟೊಂದು ಹಿಂಸೆ ದಿನಾ ನಟಿಸೋದು ಮನಸ್ಸಿಗೆ ಆಗಲಿಲ್ಲ, ಈ ಸೀರಿಯಲ್ ಒಪ್ಪಿದ್ದೇ ತಪ್ಪು ಅಂತ 2012ರ ಒಂದು ಸಂದರ್ಶನದಲ್ಲಿ ಹೇಳಿದರು. ಬರಹಗಾರರು ಏನು ಮಾಡಬೇಕು? ಗಿಡಿಯನ್ ರೀಡ್‌ಗೆ ಒಂದು ಪತ್ರ ಬರೆದಿಟ್ಟು, ಬ್ಯಾಡ್ಜು ಗನ್ನು ಬಿಟ್ಟು, ಕಾರು ಹತ್ತಿ ಹೋದ. ಅದೇ ಹೊತ್ತಿಗೆ ಸ್ಟ್ರಾಸ್ ವಿಚಾರಣೆ ಜೋರಾಯ್ತು, ಹಾಚ್‌ಗೆ ಎರಡು ವಾರ ಅಮಾನತು. ನೋಡುವವರಿಗೆ ಎಲ್ಲ ಮೊದಲೇ ಯೋಚಿಸಿದ್ದು ಅನಿಸುತ್ತೆ. ಅಸಲಿಗೆ ನಟ ಬಿಟ್ಟು ಹೋದ ಗುಂಡಿ ಮುಚ್ಚಬೇಕಿತ್ತು.

ಎರಡನೆಯದು ಜೆಜೆ. ಇದರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. 2010ರಲ್ಲಿ ಚಾನೆಲ್‌ನವರು ಜೆಜೆ ಮಾಡುತ್ತಿದ್ದ ಎ.ಜೆ. ಕುಕ್‌ರನ್ನು ತೆಗೆದರು, ಪ್ರೆಂಟಿಸ್ ಮಾಡುತ್ತಿದ್ದ ಪ್ಯಾಜೆಟ್ ಬ್ರೂಸ್ಟರ್‌ಗೆ ಎಪಿಸೋಡ್ ಕಡಿತ ಮಾಡಿದರು. ತಂಡದ ಇಬ್ಬರು ಹೆಂಗಸರು, ಒಂದೇ ಬೇಸಿಗೆ. ಅದೇ ಹೊತ್ತಿಗೆ ಇನ್ನೊಂದು ತಂಡ ಇಟ್ಟುಕೊಂಡು ಸಸ್ಪೆಕ್ಟ್ ಬಿಹೇವಿಯರ್ ಅನ್ನೋ ಉಪಸರಣಿ ತಯಾರಾಗುತ್ತಿತ್ತು. ಅದು 2011ರಲ್ಲಿ ಬಂದು 13 ಎಪಿಸೋಡ್‌ಗೆ ಮುಚ್ಚಿಹೋಯ್ತು. ನೋಡುಗರು ಅರ್ಜಿಗೆ ಸಹಿ ಹಾಕಿದರು, ಗಲಾಟೆ ಮಾಡಿದರು. ಕಥೆಯೊಳಗೆ ಏನಾಯ್ತು? ಪೆಂಟಗನ್‌ನವರು ಜೆಜೆಯನ್ನು ಕೇಳುತ್ತಿದ್ದರು, ಅವಳು ಬೇಡ ಅನ್ನುತ್ತಿದ್ದಳು, ಕೊನೆಗೆ ಮೇಲಿಂದ ಆದೇಶ ಬಂತು. ಶುದ್ಧ ಎತ್ತಂಗಡಿ. ಆ ಎಪಿಸೋಡ್ ಕೊನೆಯಲ್ಲಿ ಜೆಜೆ ತಂಡದವರನ್ನು ಬಿಟ್ಟು ಹೊರಡುವಾಗ ಅಳುವುದಿದೆಯಲ್ಲ, ಅದರಲ್ಲಿ ನಟನೆ ಎಷ್ಟು, ನಿಜ ಎಷ್ಟು ಅಂತ ನನಗೆ ಪ್ರತಿ ಸಲ ಅನಿಸುತ್ತೆ.

ಒಂದೇ ಸೀಸನ್‌ಗೆ ಚಾನೆಲ್ ಮೆತ್ತಗಾಯ್ತು. 2011ರಲ್ಲಿ ಇಬ್ಬರೂ ವಾಪಸ್. ಅಷ್ಟೇ ಅಲ್ಲ, 2014ರಲ್ಲಿ ಬಂದ 200ನೇ ಎಪಿಸೋಡ್‌ನಲ್ಲಿ ಆ ಪೆಂಟಗನ್ ವರ್ಷವನ್ನೇ ಅಫ್ಘಾನಿಸ್ತಾನದ ಗುಪ್ತ ಕಾರ್ಯಾಚರಣೆ ಮಾಡಿಬಿಟ್ಟರು. ಹಣ ಉಳಿಸೋಕೆ ತೆಗೆದದ್ದು, ಮೂರು ವರ್ಷ ಬಿಟ್ಟು ಜೆಜೆಯ ದೊಡ್ಡ ಕಥೆ ಆಯ್ತು. ಬರಹಗಾರರಿಗೆ ಸಲಾಂ.

ಮೂರನೆಯದು ಹಾಚ್. 2016ರ ಆಗಸ್ಟ್. ಹಾಚ್ ಪಾತ್ರದ ಥಾಮಸ್ ಗಿಬ್ಸನ್ ತಾನೇ ನಿರ್ದೇಶಿಸುತ್ತಿದ್ದ ಎಪಿಸೋಡ್‌ನ ಸೆಟ್‌ನಲ್ಲಿ ಒಬ್ಬ ಬರಹಗಾರ-ನಿರ್ಮಾಪಕರ ಜೊತೆ ಜಗಳ ಕೈಮೀರಿತು. ಮೊದಲು ಅಮಾನತು, ಆಮೇಲೆ ಕೆಲಸದಿಂದಲೇ ವಜಾ. ಹೊಸ ಸೀಸನ್ ಪ್ರಸಾರಕ್ಕೆ ಉಳಿದಿದ್ದದ್ದು ಒಂದೂವರೆ ತಿಂಗಳು. ಸೋಂಬೇರಿಯವರು ಬೀಳ್ಕೊಡುಗೆ ಯಾಕಿಲ್ಲ ಅಂತ ಕೇಳಿದರಲ್ಲ, ಇದಕ್ಕೇ. ಬೀಳ್ಕೊಡುವ ದೃಶ್ಯಕ್ಕೆ ಮನುಷ್ಯ ಸೆಟ್‌ಗೆ ಬರಬೇಕಲ್ವಾ? ಅದೇ ವರ್ಷ ಮಾರ್ಚ್‌ನಲ್ಲಿ ಮಾರ್ಗನ್ ಪಾತ್ರದ ಶೆಮಾರ್ ಮೂರ್ ಬೇರೆ ಹೋಗಿದ್ದರು. ಮಾರ್ಗನ್ ಇದ್ದಿದ್ದರೆ ಈ ಥ್ರೆಡ್ಡೇ ಇರುತ್ತಿರಲಿಲ್ಲ. ಕುರ್ಚಿ ಅವನಿಗೇ. ನೋಡುಗರು ಒಪ್ಪುವ, ಈಗಾಗಲೇ ಪರಿಚಯ ಇರುವ, ತಕ್ಷಣ ಬರಬಲ್ಲ ಮುಖ ಅಂದರೆ ಬ್ರೂಸ್ಟರ್. ಜೆಜೆಗೆ ಅನ್ಯಾಯ ಆಯ್ತಾ ಅಂದರೆ, ಆಯ್ತು. ಆದರೆ ಅದು ಎಫ್‌ಬಿಐ ಮಾಡಿದ ಅನ್ಯಾಯ ಅಲ್ಲ.

ಶನಿವಾರದ ಸೋಂಬೇರಿ:
ಗಿಬ್ಸನ್ ವಿಷಯ ಗೊತ್ತಿತ್ತು. ಆದರೂ ಒಂದು ಮಾತು. ಗಿಡಿಯನ್ ಪತ್ರ ಬರೆದಿಟ್ಟು ಹೋದ. ಹಾಚ್‌ನಿಂದ ಅದೂ ಇಲ್ಲ. ಪತ್ರ ಓದೋಕೆ ನಟ ಬೇಕಾಗಿಲ್ಲ.

ಡಬಲ್ ಸ್ಟ್ರಾಂಗ್:
ಮಾರ್ಗನ್ ಇದ್ದಿದ್ದರೆ ಕುರ್ಚಿ ಅವನಿಗೇ ಅಂತ ಅಷ್ಟು ಸುಲಭವಾಗಿ ಹೇಳಬೇಡಿ. ಐದನೇ ಸೀಸನ್‌ನಲ್ಲಿ ಒಮ್ಮೆ ಸಿಕ್ಕಿತ್ತು. ಅವನು ವಾಪಸ್ ಕೊಟ್ಟ.

ಫೈಲ್ ಫಾರ್ವರ್ಡ್:
ಅದು ಈ ಇಡೀ ಸೀರಿಯಲ್‌ನಲ್ಲಿ ನನಗೆ ಇಷ್ಟವಾದ ಆಫೀಸ್ ಕಥೆ. ಫೊಯೆಟ್ ಅನ್ನೋ ಹಂತಕ ಹಾಚ್‌ನನ್ನು ಅವನ ಮನೆಯಲ್ಲೇ ಚಾಕುವಿನಿಂದ ಇರಿದು ಬಿಟ್ಟಿದ್ದಾನೆ. ಮಾಜಿ ಹೆಂಡತಿ, ಮಗ ತಲೆಮರೆಸಿಕೊಂಡಿದ್ದಾರೆ. ಹಾಚ್ ಕೆಲಸಕ್ಕೆ ಬರುತ್ತಿದ್ದಾನೆ, ಆದರೆ ಸ್ಟ್ರಾಸ್‌ಗೆ ನಂಬಿಕೆ ಇಲ್ಲ. ಅವಳು ಹೊರಗಿನವರನ್ನು ತಂದು ಕೂರಿಸುವ ಮೊದಲೇ ಹಾಚ್ ತಾನೇ ಕೆಳಗಿಳಿದು ಮಾರ್ಗನ್ ಹೆಸರು ಹೇಳುತ್ತಾನೆ. ತಂಡ ಒಡೆಯಬಾರದು, ಅದೇ ಉದ್ದೇಶ. ಮಾರ್ಗನ್ ಒಪ್ಪುತ್ತಾನೆ, ಫೊಯೆಟ್ ಸಿಗೋವರೆಗೆ ಮಾತ್ರ ಅಂತ. ಅಂದರೆ ಪ್ರಭಾರ. ನಿನ್ನೆವರೆಗೆ ಬಾಸ್ ಆಗಿದ್ದವನು ಇವತ್ತು ಅದೇ ಜೆಟ್‌ನಲ್ಲಿ ಕೂತು ಮಾರ್ಗನ್ ಹೇಳಿದ ಕಡೆ ಹೋಗುತ್ತಾನೆ.

ಪ್ರಭಾರ ವಹಿಸಿಕೊಂಡವರ ಕಷ್ಟ ಹತ್ತಿರದಿಂದ ನೋಡಿದ್ದೇನೆ. ಹಿಂದೆ ನಾನಿದ್ದ ಒಂದು ಕಚೇರಿಯಲ್ಲಿ ಸಾಹೇಬರು ದೀರ್ಘ ರಜೆ ಮೇಲೆ ಹೋದರು. ಪ್ರಭಾರ ತಗೊಂಡವರು ಆ ದೊಡ್ಡ ಕುರ್ಚಿಯಲ್ಲಿ ಕೂರಲೇ ಇಲ್ಲ. ಪಕ್ಕಕ್ಕೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಮೇಜಿನ ಮೂಲೆಯಲ್ಲಿ ಫೈಲ್ ಇಟ್ಟುಕೊಂಡು ಹಸಿರು ಇಂಕಿನಲ್ಲಿ ಸಹಿ ಹಾಕುತ್ತಿದ್ದರು. ಕಠಿಣ ತೀರ್ಮಾನ ಬಂದಾಗ "ಸಾಹೇಬರು ಬರಲಿ" ಅನ್ನೋರು. ನೌಕರರೂ ಅಷ್ಟೇ, ಇವರು ಬೇಡ ಅಂದರೆ ರಜೆಯಲ್ಲಿದ್ದವರಿಗೆ ಫೋನ್ ಮಾಡೋರು. ಮಾರ್ಗನ್ ಹಾಗೆ ಮಾಡಲಿಲ್ಲ. ಹಾಚ್ ಎದುರಿಗೇ ಕೂತಿದ್ದರೂ ತೀರ್ಮಾನ ತನ್ನದೇ ಅಂತ ನಡೆದುಕೊಂಡ. ಕೆಲಸ ಮುಗಿದ ಮೇಲೆ ಗಲಾಟೆ ಇಲ್ಲದೆ ಬಿಟ್ಟುಕೊಟ್ಟ. ಎರಡೂ ಕಷ್ಟವೇ.

ಮತ್ತೆ ಸ್ಟ್ರಾಸ್. 100ನೇ ಎಪಿಸೋಡ್‌ನಲ್ಲಿ ಆ ಮಾಜಿ ಹೆಂಡತಿ ಹೇಲಿ ಕೊಲೆಯಾಗಿ, ಹಾಚ್ ಫೊಯೆಟ್‌ನನ್ನು ಬರಿಗೈಯಲ್ಲಿ ಹೊಡೆದು ಸಾಯಿಸುತ್ತಾನೆ. ಸ್ಟ್ರಾಸ್ ಒಬ್ಬೊಬ್ಬರನ್ನೇ ಕೂರಿಸಿ ಹೇಳಿಕೆ ತಗೊಳ್ತಾಳೆ. ಹಳೇ ದ್ವೇಷ ತೀರಿಸಿಕೊಳ್ಳೋಕೆ ಅದಕ್ಕಿಂತ ಒಳ್ಳೆ ಸಂದರ್ಭ ಬೇಕಾ? ತೀರಿಸಿಕೊಳ್ಳಲಿಲ್ಲ. ಪೂರ್ತಿ ಸೌಲಭ್ಯದ ಜೊತೆ ನಿವೃತ್ತಿ ತಗೋ ಅಂತ ದಾರಿ ತೋರಿಸಿದಳು. ಅವನು ಬೇಡ ಅಂದ.

ರಾತ್ರಿ ಪಾಳಿ:
ಆಫೀಸ್ ರಾಜಕೀಯವೇ ಬೇಕು ಅಂದರೆ ದಿ ಕ್ಲೋಸರ್ ನೋಡಿ. ಮೊದಲ ಎಪಿಸೋಡ್‌ನಲ್ಲೇ ಲಾಸ್ ಏಂಜಲೀಸ್ ಪೊಲೀಸರಿಗೆ ಅಟ್ಲಾಂಟಾದಿಂದ ಹೊಸ ಡೆಪ್ಯುಟಿ ಚೀಫ್ ಬರ್ತಾಳೆ, ಬ್ರೆಂಡಾ ಲೀ ಜಾನ್ಸನ್. ತಂಡದವರು ವರ್ಗಾವಣೆ ಅರ್ಜಿ ಹಾಕಿ ಸ್ವಾಗತ ಮಾಡ್ತಾರೆ! ಅವಳನ್ನು ಕರೆಸಿದ ಮೇಲಧಿಕಾರಿ ಪೋಪ್‌ಗೂ ಅವಳಿಗೂ ಹಿಂದೆ ಸಂಬಂಧ ಇತ್ತು. ಆ ಗುಸುಗುಸು ಬೇರೆ. ಕ್ಯಾಪ್ಟನ್ ಟೇಲರ್ ಅಂತೂ ಅವಳ ಕಾಲೆಳೆಯೋಕೇ ಸಂಬಳ ತಗೊಳ್ಳೋ ಹಾಗಿದ್ದ. ಆಮೇಲೆ ಅದೇ ತಂಡ ಅವಳಿಗಾಗಿ ಜೀವ ಕೊಡೋಕೆ ತಯಾರು.

2012ರ ಆಗಸ್ಟ್ 13ಕ್ಕೆ ಆ ಸೀರಿಯಲ್ ಮುಗೀತು. ಅದೇ ರಾತ್ರಿ ಮೇಜರ್ ಕ್ರೈಮ್ಸ್ ಶುರು. ಅದೇ ಆಫೀಸು, ಅದೇ ಮೇಜು, ಬಾಸ್ ಮಾತ್ರ ಬೇರೆ. ಮುದುಕ ಪ್ರೊವೆಂಜಾ ಈ ಸಲ ತಂಡ ತನಗೇ ಅಂತ ಅಂದುಕೊಂಡಿದ್ದ. ಬಂದವರು ಕ್ಯಾಪ್ಟನ್ ಶ್ಯಾರನ್ ರೇಡರ್. ಮೊನ್ನೆಯವರೆಗೆ ಪೊಲೀಸರನ್ನೇ ತನಿಖೆ ಮಾಡುತ್ತಿದ್ದ ಹೆಂಗಸು. ಅವನ ಮುಖ ನೋಡಬೇಕಿತ್ತು. ಸೀನಿಯಾರಿಟಿ ಬಗ್ಗೆ ಮಾತಾಡ್ತಿದ್ದ ಜಾಲಹಳ್ಳಿಯವರು ನೋಡಲೇಬೇಕಾದದ್ದು.

ಎಡಿಸನ್ ಕನ್ನಡಿಗ:
ಒಳಗಿನವರಿಗೇ ಕುರ್ಚಿ ಸಿಕ್ಕ ಉದಾಹರಣೆ ಬೇಕಾದರೆ ನ್ಯೂಯಾರ್ಕ್ ಪೊಲೀಸರ ಸೀರಿಯಲ್ ಎಸ್‌ವಿಯು. ಒಲಿವಿಯಾ ಬೆನ್ಸನ್ 1999ರಲ್ಲಿ ಡಿಟೆಕ್ಟಿವ್. 2014ರಲ್ಲಿ ಬಾಸ್ ಕ್ರೇಗನ್ ನಿವೃತ್ತಿ ಆದಾಗ ಸಾರ್ಜೆಂಟ್. ಆಮೇಲೆ ಲೆಫ್ಟಿನೆಂಟ್, 2019ರಲ್ಲಿ ಕ್ಯಾಪ್ಟನ್. 20 ವರ್ಷ, ಒಂದೊಂದೇ ಮೆಟ್ಟಿಲು. ಅಮೆರಿಕ ನೌಕಾಪಡೆಯ ತನಿಖಾ ತಂಡದ ಸೀರಿಯಲ್ ಎನ್‌ಸಿಐಎಸ್‌ನಲ್ಲಿ ಉಲ್ಟಾ. 2021ರಲ್ಲಿ ಬಾಸ್ ಗಿಬ್ಸ್ ಹೋದ ಮೇಲೆ ಕುರ್ಚಿ ತಂಡದ ಹಳಬ ಮೆಕ್‌ಗೀಗೆ ಅಂತ ಎಲ್ಲರೂ ಅಂದುಕೊಂಡರು. ಅವನು ನನಗೆ ಹೆಂಡತಿ ಮಕ್ಕಳಿದ್ದಾರೆ, ಈಗಿರೋದೇ ಸಾಕು ಅಂದ. ಹೊರಗಿನ ಪಾರ್ಕರ್ ಬಂದ. ಎಲ್ಲರಿಗೂ ಬಡ್ತಿ ಬೇಕೇ ಬೇಕು ಅಂತೇನಿಲ್ಲ.

ಸೋನಿ ಟಿವಿ ಪೀಳಿಗೆ:
ಎಲ್ಲ ಅಮೆರಿಕದ್ದೇ ಹೇಳ್ತೀರಲ್ಲ. ನಮ್ಮ ಸಿಐಡಿ? 1998ರಲ್ಲಿ ಶುರುವಾಗಿ 20 ವರ್ಷ ಒಬ್ಬನೇ ಎಸಿಪಿ. ಬಾಗಿಲು ಒಡೆಯೋಕೆ ನಮ್ಮ ಉಡುಪಿ ಕಡೆಯ ದಯಾನಂದ ಶೆಟ್ಟರು. ಅಷ್ಟು ವರ್ಷದಲ್ಲಿ ಪ್ರದ್ಯುಮನ್ ಕುರ್ಚಿ ಅಲ್ಲಾಡಲಿಲ್ಲ. 2024ರ ಡಿಸೆಂಬರ್‌ನಲ್ಲಿ ಮತ್ತೆ ಶುರುವಾಯ್ತು. 2025ರ ಏಪ್ರಿಲ್‌ನಲ್ಲಿ ಎಸಿಪಿಯನ್ನೇ ಸಾಯಿಸಿ ಆಯುಷ್ಮಾನ್ ಅಂತ ಹುಡುಗನನ್ನು ತಂದು ಕೂರಿಸಿದರು. ದಯಾ, ಅಭಿಜೀತ್ ಮುಖ ಸಿಂಡರಿಸಿಕೊಂಡು ಅವನಿಗೆ ಸಾರ್ ಅನ್ನಬೇಕಾಯ್ತು. ಜನ ಬಿಡ್ತಾರಾ? ಸಿಕ್ಕಾಪಟ್ಟೆ ಬೈದರು. ಕೆಲವೇ ವಾರದಲ್ಲಿ ಸತ್ತವರು ಎದ್ದು ಬಂದರು.

ಜಾಲಹಳ್ಳಿ ಕ್ರಾಸ್:
ಪ್ರೆಂಟಿಸ್ ಕೂಡ ಸತ್ತು ಎದ್ದು ಬಂದವಳೇ. ಆರನೇ ಸೀಸನ್‌ನಲ್ಲಿ ಶವಪೆಟ್ಟಿಗೆ ಹೊತ್ತರು, ಏಳನೇ ಸೀಸನ್ ಶುರುವಾಗೋ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದಳು. ಯೂನಿಟ್ ಚೀಫ್ ಆಗೋಕೆ ಇದೂ ಒಂದು ಅರ್ಹತೆ ಇರಬೇಕು.

ನಿರ್ವಾಹಕರು:
ಶೀರ್ಷಿಕೆಯಲ್ಲಿ ಹೇಳಿರುವುದು ಕ್ರಿಮಿನಲ್ ಮೈಂಡ್ಸ್ ಸ್ಪಾಯ್ಲರ್ ಮಾತ್ರ. ಬೇರೆ ಸೀರಿಯಲ್ ಬಗ್ಗೆ ಬರೆಯುವವರು ಮೊದಲ ಸಾಲಿನಲ್ಲೇ ಹೆಸರು ಹಾಕಿ. ಸಿಐಡಿಗೆ ಬೇರೆ ಥ್ರೆಡ್ ತೆರೆಯಿರಿ, ಖಂಡಿತ ತುಂಬುತ್ತೆ.

ಧಾರವಾಡದಾಕಿ:
ಸ್ಟ್ರಾಸ್ ಕಡೆಗೇ ಬರೋಣ. ಫೈಲ್ ಫಾರ್ವರ್ಡ್ ಅವರು ಒಂದು ಕಥೆ ಜಾಣತನದಿಂದ ಬಿಟ್ಟರು. ಎಂಟನೇ ಸೀಸನ್. ತಂಡಕ್ಕೆ ಹೊಸದಾಗಿ ಬಂದ ಅಲೆಕ್ಸ್ ಬ್ಲೇಕ್‌ಗೆ ಸ್ಟ್ರಾಸ್ ಕಂಡರೆ ಆಗೋದಿಲ್ಲ. ಯಾಕೆ? 2001ರ ಆಂಥ್ರಾಕ್ಸ್ ಪತ್ರಗಳ (ಅಂಚೆಯಲ್ಲಿ ರೋಗಾಣು ಕಳಿಸಿದ) ಕೇಸಿನಲ್ಲಿ ತಪ್ಪು ಮನುಷ್ಯನನ್ನು ಹಿಡಿದರು. ಮೇಲಿದ್ದ ಸ್ಟ್ರಾಸ್ ತಪ್ಪಿಸಿಕೊಂಡಳು, ಕೆಳಗಿದ್ದ ಬ್ಲೇಕ್ ತಲೆಗೆ ಬಂತು. ಕೇಸು ನಿಜವಾಗಿ ನಡೆದದ್ದು, ಈ ಒಳಜಗಳ ಮಾತ್ರ ಕಥೆಗಾರರದ್ದು. ಅದೇ ಕೇಸಿನಲ್ಲಿ ಹೀಗೇ ಮೂಲೆಗುಂಪಾದ ಇನ್ನೊಬ್ಬ ಜಾನ್ ಕರ್ಟಿಸ್. ಆ ಸೀಸನ್ ಪೂರ್ತಿ ಬಿಎಯು ಬೆನ್ನು ಬಿದ್ದ ರೆಪ್ಲಿಕೇಟರ್ ಅನ್ನೋ ಹಂತಕ ಅವನೇ. ಮಾರ್ಕ್ ಹ್ಯಾಮಿಲ್ ಮಾಡಿದ ಪಾತ್ರ. ಅಂದರೆ ಆ ವರ್ಷದ ದೊಡ್ಡ ವಿಲನ್ ಯಾರು? ಆಫೀಸ್ ರಾಜಕೀಯದಲ್ಲಿ ಸೋತ ಒಬ್ಬ ನೌಕರ. ಸ್ಟ್ರಾಸ್ ಸಹಿ ಹಾಕಿ ಮರೆತ ಒಂದು ಕಾಗದ, 12 ವರ್ಷ ಬಿಟ್ಟು ಅವಳನ್ನೇ ಹುಡುಕಿಕೊಂಡು ಬಂತು.

ಫೈಲ್ ಫಾರ್ವರ್ಡ್:
ಬಿಟ್ಟಿಲ್ಲ, ಅದಕ್ಕೇ ಬರ್ತಿದ್ದೆ. ಆ ಕಾಗದಕ್ಕೆ ಅವಳು ಕೊಟ್ಟ ಬೆಲೆಯೂ ಅಷ್ಟೇ ದೊಡ್ಡದು. ಏಳನೇ ಸೀಸನ್‌ನಲ್ಲಿ ಅವಳ ಕುಡಿತ ಹೊರಬೀಳುತ್ತೆ. ಕೈಯಲ್ಲಿ ಅಸ್ತ್ರ ಸಿಕ್ಕಿದ್ದು ಹಾಚ್‌ಗೆ. ಅವನು ಅದನ್ನು ಮೇಲಕ್ಕೆ ಬರೆಯಲಿಲ್ಲ, ಚಿಕಿತ್ಸೆಗೆ ಕಳಿಸಿದ. ಕುಡಿತ ಬಿಟ್ಟು ಒಂದು ವರ್ಷ ಆದಾಗ ಕೊಡುವ ಬಿಲ್ಲೆ ಅವಳ ಹತ್ತಿರ ಇತ್ತು. ಎಂಟನೇ ಸೀಸನ್ ಕೊನೆಗೆ ಕರ್ಟಿಸ್ ಅವಳಿಗೆ ಬಲವಂತವಾಗಿ ಮದ್ಯವನ್ನೇ ಕುಡಿಸಿ ಸಾಯಿಸುತ್ತಾನೆ. ನ್ಯೂಯಾರ್ಕ್‌ನ ಒಂದು ಬೆಂಚಿನ ಮೇಲೆ, ಹಾಚ್ ಪಕ್ಕದಲ್ಲಿ. ಮುಂದಿನ ಎಪಿಸೋಡ್‌ನಲ್ಲಿ ರೋಸಿ ಕರ್ಟಿಸ್‌ನ ಬಲೆಯಿಂದ ತಪ್ಪಿಸಿಕೊಳ್ಳೋದು ಅದೇ ಬಿಲ್ಲೆಯನ್ನು ಬಾಗಿಲಿಗೆ ಅಡ್ಡ ಕೊಟ್ಟು.

ಹಾಚ್ ಎಷ್ಟು ಒಳ್ಳೆಯ ಚೀಫ್ ಅಂತ ನನಗೆ ಗೊತ್ತಾಗಿದ್ದು ಯಾವ ಹಂತಕನನ್ನು ಹಿಡಿದಾಗಲೂ ಅಲ್ಲ. ತನ್ನನ್ನು ತೆಗೆಯೋಕೆ ನೋಡಿದ ಮೇಲಧಿಕಾರಿಯ ಕುಡಿತ ಕಂಡಾಗ ಏನು ಮಾಡಿದ ಅನ್ನೋದರಲ್ಲಿ.

ಮಲೆನಾಡ ಮಳೆ:
ಇದು ಒಪ್ಪಿದೆ. ಸ್ಟ್ರಾಸ್‌ಗೆ ಸಿಕ್ಕ ಬರವಣಿಗೆ ಆಮೇಲಿನ ಮೇಲಧಿಕಾರಿಗಳಿಗೆ ಸಿಗಲಿಲ್ಲ. ಮಟೇಯೊ ಕ್ರೂಸ್ ಬಂದ, ಒಳ್ಳೆಯವನು, ನೆನಪಿರೋದಿಲ್ಲ. 13ನೇ ಸೀಸನ್‌ನ ಲಿಂಡಾ ಬಾರ್ನ್ಸ್ ಅಂತೂ ಬರೀ ಕೆಟ್ಟವಳು. ರೀಡ್ ಮೆಕ್ಸಿಕೋದಲ್ಲಿ ಸಿಕ್ಕಿಬಿದ್ದಾಗ ತಂಡ ನಿಯಮ ಮುರಿಯಿತು ಅಂತ ಹಿಡಿದುಕೊಂಡು ಪ್ರೆಂಟಿಸ್‌ಗೆ ಅಮಾನತು.

ಡಬಲ್ ಸ್ಟ್ರಾಂಗ್:
ಅದನ್ನೇ ಹೇಳೋಣ ಅಂತಿದ್ದೆ. ಸೋಂಬೇರಿಯವರೇ, ನೀವು 12ರಲ್ಲಿದ್ದೀರಿ, ಎರಡನೇ ಸುತ್ತು ಅಂದಿರಿ, ಹಾಗಾಗಿ ಹೇಳ್ತೀನಿ. ನೀವು ಕೇಳಿದ ಜೆಜೆಗೆ ಕುರ್ಚಿ 13ನೇ ಸೀಸನ್‌ನಲ್ಲಿ ಸಿಗುತ್ತೆ. ಕೊಟ್ಟದ್ದು ಬಾರ್ನ್ಸ್. ಪ್ರೆಂಟಿಸ್ ಹೊರಗೆ, ಜೆಜೆ ಪ್ರಭಾರ ಚೀಫ್, ಬಾರ್ನ್ಸ್ ಬೆನ್ನ ಹಿಂದೆ ನಿಂತು ಎಲ್ಲದರಲ್ಲೂ ಮೂಗು ತೂರಿಸೋದು. ಮೂರನೇ ಸೀಸನ್‌ನಲ್ಲಿ ಸ್ಟ್ರಾಸ್ ಪ್ರೆಂಟಿಸ್ ಮುಂದಿಟ್ಟ ತಟ್ಟೆಯನ್ನೇ ಹತ್ತು ವರ್ಷ ಬಿಟ್ಟು ಬಾರ್ನ್ಸ್ ಜೆಜೆ ಮುಂದಿಟ್ಟಳು. ಸ್ನೇಹಿತೆಯನ್ನು ಇಳಿಸಿದ ಜಾಗದಲ್ಲಿ ಕೂರು ಅಂತ. ಜೆಜೆ ತಂಡಕ್ಕೋಸ್ಕರ ಕೂತಳು, ಪ್ರೆಂಟಿಸ್ ಬಂದ ಕೂಡಲೇ ಎದ್ದಳು.

ಶನಿವಾರದ ಸೋಂಬೇರಿ:
ಅದೇ ನನ್ನ ವಾದ! ಅಷ್ಟು ಒತ್ತಡದಲ್ಲೂ ಕೇಸು ನಡೆಸಿದಳಲ್ಲ. ಪ್ರಭಾರದಲ್ಲೇ ಅಷ್ಟು ಮಾಡಿದವಳಿಗೆ ಪೂರ್ತಿ ಅಧಿಕಾರ ಕೊಟ್ಟಿದ್ದರೆ? ಪ್ರೆಂಟಿಸ್ ಕೆಟ್ಟ ಚೀಫ್ ಅಂತ ಎಲ್ಲೂ ಹೇಳಿಲ್ಲ. ಜೆಜೆಯನ್ನು ಒಮ್ಮೆ ಎತ್ತಂಗಡಿ ಮಾಡಿದರು, ಒಮ್ಮೆ ದಾಟಿ ಹೋದರು, ಒಮ್ಮೆ ಬಾಡಿಗೆಗೆ ಕೂರಿಸಿದರು. 2013ರಲ್ಲಿ ಕುಕ್ ಮತ್ತು ತಂಡದ ಕಂಪ್ಯೂಟರ್ ಪರಿಣತೆ ಗಾರ್ಸಿಯಾ ಪಾತ್ರದ ವ್ಯಾಂಗ್‌ಸ್ನೆಸ್ ಇಬ್ಬರೂ ಗಂಡು ನಟರ ಮಟ್ಟಕ್ಕೆ ಸಂಬಳ ಕೇಳಿ ಜಗ್ಗಾಡಬೇಕಾಯ್ತು ಅನ್ನೋದನ್ನೂ ಮಲೆನಾಡಿನವರು ಪಟ್ಟಿಗೆ ಸೇರಿಸಲಿ.

ಮಲೆನಾಡ ಮಳೆ:
ಸೇರಿಸಿದೆ. ಮೊದಲೇ ಇರಬೇಕಾದ್ದು.

ಕೋಲಾರದ ಹೊಸಬ:
ಇಷ್ಟೆಲ್ಲ ಓದಿ ಆಸೆ ಆಗ್ತಿದೆ, ಆದರೆ 2020ರವರೆಗಿನ ಮೂಲ ಸರಣಿಯೇ 15 ಸೀಸನ್, 324 ಎಪಿಸೋಡ್ ಅಂತೆ. ಕೊಲೆ ರಕ್ತ ನನಗೆ ಅಷ್ಟು ಆಗೋದಿಲ್ಲ. ಆಫೀಸ್ ಕಥೆ ಮಾತ್ರ ಬೇಕು ಅಂದರೆ ಎಲ್ಲಿಂದ ನೋಡಲಿ?

ಧಾರವಾಡದಾಕಿ:
ರಕ್ತ ಆಗೋದಿಲ್ಲ ಅಂದರೆ ಈ ಸೀರಿಯಲ್ ಕಷ್ಟ ರೀ, ದಿ ಕ್ಲೋಸರ್ ವಾಸಿ. ಆದರೂ ನೋಡ್ತೀನಿ ಅಂದರೆ ಎರಡನೇ ಸೀಸನ್‌ನ ಕೊನೆಯ ಎಪಿಸೋಡ್, ಮೂರರ ಮೊದಲೆರಡು. ಇಷ್ಟವಾದರೆ ಐದನೇ ಸೀಸನ್ ಮೊದಲಿಂದ ಹತ್ತನೇ ಎಪಿಸೋಡ್‌ವರೆಗೆ. 100ನೇ ಎಪಿಸೋಡ್ ರಾತ್ರಿ ಒಬ್ಬರೇ ನೋಡಬೇಡಿ.

ಫೈಲ್ ಫಾರ್ವರ್ಡ್:
ಅದರ ಜೊತೆ ಆರನೇ ಸೀಸನ್‌ನ ಎರಡನೆಯದು, ಜೆಜೆ ಎತ್ತಂಗಡಿ ಎಪಿಸೋಡ್. ನೋಡಿದ ಮೇಲೆ ಸ್ಟ್ರಾಸ್ ಬಗ್ಗೆ ನಿಮ್ಮ ಅಭಿಪ್ರಾಯ ಇಲ್ಲೇ ಬರೆಯಿರಿ. ಇಲ್ಲಿ ನನ್ನ ಕಡೆ ಜನ ಕಡಿಮೆ.